ಜಡೆ ಬಿಚ್ಚಿದಾಗ ಕಂಡದ್ದು

ದಾವಣಗೆರೆ. ಹುಡುಗಿಗೆ 17 ವರ್ಷ, ದ್ವಿತೀಯ ಪಿಯುಸಿ ವಿಜ್ಞಾನ. ಊರು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ಓದುವುದು ದಾವಣಗೆರೆಯಲ್ಲಿ, ಪಿಜಿಯಲ್ಲಿದ್ದುಕೊಂಡು. ಗುರುತು ಸಿಗುವಂಥ ವಿವರ ಬದಲಿಸಿದೆ.

ದಸರಾ ರಜೆಗೆ ಅವಳು ಊರಿಗೆ ಹೋಗಿದ್ದಾಗ ತಾಯಿ ಆಪ್ತಸಲಹೆ ಕೇಳಿ ನಮಗೆ ಫೋನ್ ಮಾಡಿದ್ದರು. "ಪುಸ್ತಕ ಹಿಡ್ಕೊಂಡು ಸುಮ್ನೆ ಕೂತಿರ್ತಾಳೆ ಮೇಡಂ, ಸರಿಯಾಗಿ ಉಣ್ಣೋದೂ ಇಲ್ಲ." ಮೆಕ್ಕೆಜೋಳದ ತೆನೆ ಮುರಿಯುವ ಕಾಲ, ಮಗಳನ್ನು ಕರೆತರಲು ಮನೆಯಲ್ಲಿ ಯಾರಿಗೂ ಬಿಡುವಿಲ್ಲ. ಮೊದಲ ಎರಡು ಭೇಟಿ ವಿಡಿಯೋ ಕಾಲ್‌ನಲ್ಲೇ ಆದವು.

ಎರಡರಿಂದಲೂ ಏನೂ ಸಿಗಲಿಲ್ಲ. ಏನು ಕೇಳಿದರೂ "ಆರಾಮಿದೀನಿ ಮೇಡಂ." ಮುಕ್ಕಾಲು ಗಂಟೆಯ ಮಾತು 20 ನಿಮಿಷಕ್ಕೆ ಮುಗಿಯಿತು. ಇದನ್ನು ಹಟವೆಂದೋ ಮಾತಾಡಲು ಮನಸ್ಸಿಲ್ಲವೆಂದೋ ತಿಳಿದರೆ ಅಲ್ಲೇ ಎಡವುತ್ತೇವೆ. ಫೋನ್ ತಂದೆಯದು, ಕೂತದ್ದು ನಡುಮನೆ, ಪಕ್ಕದ ಅಡುಗೆಮನೆಯಲ್ಲಿ ಅಜ್ಜಿ. ಇಯರ್‌ಫೋನ್ ಹಾಕಿದ್ದರಿಂದ ಪ್ರಶ್ನೆ ಅಜ್ಜಿಗೆ ಕೇಳಿಸದು, ಆದರೆ ಉತ್ತರ ಕೇಳಿಸುತ್ತದಲ್ಲ!

ಮೂರನೇ ಸಲ ಕ್ಯಾಮೆರಾ ಬೇಡವೆಂದು ಬರೀ ಕರೆ ಮಾಡಿದೆವು. ಜಾಗ ಅವಳೇ ಹುಡುಕಿದ್ದಳು: ಸಂಜೆ ಕಣದಲ್ಲಿ ಹರವಿದ ಜೋಳ ಕಾಯುವ ಸರದಿ ಅವಳದು. ಸುತ್ತ ಯಾರೂ ಇಲ್ಲ. ಕಾಲಲ್ಲಿ ಜೋಳ ಎಳೆಯುತ್ತಾ, ಅಡ್ಡಾಡುತ್ತಾ 45 ನಿಮಿಷ ಮಾತಾಡಿದಳು. ಟೆಸ್ಟಿನಲ್ಲಿ ಕಡಿಮೆ ಬಂದ ಅಂಕ, ಪಿಜಿ ಬಾಡಿಗೆಗೆ ಅಪ್ಪ ಮಾಡಿದ ಸಾಲ. ಮುಖ ನೋಡುವವರಿಲ್ಲದಾಗ ಈ ವಯಸ್ಸಿನ ಮಕ್ಕಳಿಗೆ ಬಾಯಿ ಬರುತ್ತದೆ. ವಿಡಿಯೋ ಇರಲೇಬೇಕೆಂದು ಪಟ್ಟು ಹಿಡಿಯುವುದು ತಪ್ಪು. ಫೋನ್ ಇಡುವ ಮುಂಚೆ ತಾನಾಗಿ ಅಂದಳು: "ತಲೆಗೆ ಕೈ ಹೋದ್ರೆ ನಿಲ್ಲಂಗೇ ಇಲ್ಲ ಮೇಡಂ."

ರಜೆ ಮುಗಿಸಿ ಬಂದವಳು ಎದುರು ಕೂತು ಜಡೆ ಬಿಚ್ಚಿದಳು. ನೆತ್ತಿಯ ಎಡಕ್ಕೆ ಅಂಗೈಯ ಅರ್ಧದಷ್ಟು ಜಾಗ ತೆಳುವಾಗಿತ್ತು. ತಾನಾಗಿ ಉದುರಿದ ಜಾಗ ಸಾಮಾನ್ಯವಾಗಿ ನುಣ್ಣಗಿರುತ್ತದೆ. ಇಲ್ಲಿ ಮೋಟು ಕೂದಲು ಒಂದೊಂದು ಒಂದೊಂದು ಉದ್ದಕ್ಕೆ ನಿಂತಿದ್ದವು: ಕಿತ್ತ ಗುರುತು. ವಿಡಿಯೋದಲ್ಲಿ ಎರಡು ಸಲ ಮುಖ ನೋಡಿದ್ದರೂ ಇದು ಕಂಡಿರಲಿಲ್ಲ. ಚರ್ಮವೈದ್ಯರೂ ನೋಡಿ ಖಚಿತಪಡಿಸಿದರು: ಟ್ರೈಕೋಟಿಲೋಮೇನಿಯಾ, ಅಂದರೆ ಕೂದಲು ಕೀಳುವ ಗೀಳು.

ಇಂಥಲ್ಲಿ ಗಾಬರಿ ತೋರಿಸದೆ ಕೇಳಲೇಬೇಕಾದ ಪ್ರಶ್ನೆ, ಕಿತ್ತ ಕೂದಲನ್ನು ಏನು ಮಾಡುತ್ತೀ ಎಂಬುದು. ನುಂಗುವ ಅಭ್ಯಾಸವಿದ್ದರೆ ಹೊಟ್ಟೆಯಲ್ಲಿ ಕೂದಲ ಉಂಡೆ ಕಟ್ಟಬಹುದು. ಊಟ ಸೇರದಿರುವುದು, ವಾಂತಿ, ಹೊಟ್ಟೆನೋವು ಬರಬಹುದು, ಆಪರೇಷನ್‌ವರೆಗೂ ಹೋಗಬಹುದು. ಇವಳು ಬುಡವನ್ನು ತುಟಿಗೆ ತಾಗಿಸಿ ಬಿಸಾಡುತ್ತಿದ್ದಳು. ಸಾಯುವ ಯೋಚನೆ ಬರುತ್ತದೆಯೇ ಎಂದೂ ನೇರವಾಗಿ ಕೇಳಿದೆವು. ಇಲ್ಲ ಅಂದಳು.

18 ತುಂಬದ ಕಾರಣ ಮನೆಯವರ ಒಪ್ಪಿಗೆ ಬೇಕು. ತಾಯಿಗೆ ಏನೇನು ಹೇಳುವುದು ಎಂದು ಮೊದಲು ಅವಳ ಜೊತೆ ಗೊತ್ತು ಮಾಡಿಕೊಂಡೇ ತಾಯಿಯನ್ನು ಒಳಗೆ ಕರೆದೆವು. ತಾಯಿಗೆ ಕೊಟ್ಟ ಸಲಹೆ: ಬೈಯಬೇಡಿ, ಕೈ ತಟ್ಟಬೇಡಿ, ದಿನಾ ತಲೆ ತಡವಿ ನೋಡಬೇಡಿ. ನಾಚಿಕೆ ಹೆಚ್ಚಿದಷ್ಟೂ ಕದ್ದು ಕೀಳುವುದು ಹೆಚ್ಚುತ್ತದೆ.

ಒಂದು ವಾರ ಬರೀ ಲೆಕ್ಕ. ಕಿತ್ತಾಗೆಲ್ಲ ನೋಟ್‌ಬುಕ್ಕಿನ ಅಂಚಿಗೆ ಒಂದು ಗೀಟು, ಪಕ್ಕದಲ್ಲಿ ಹೊತ್ತು. ಮುಕ್ಕಾಲು ಪಾಲು ಗೀಟು ರಾತ್ರಿ 9.30ರಿಂದ 11ರೊಳಗೆ, ಅದೂ ಭೌತಶಾಸ್ತ್ರದ ಲೆಕ್ಕ ಬಿಡಿಸುವಾಗ. ನಮ್ಮೆದುರು ಆ ಕೈ ಒಮ್ಮೆಯೂ ಮೇಲೇಳಲಿಲ್ಲ. ಹಾಗಾಗಿ ಮುಂದಿನ ಭೇಟಿ ಮತ್ತೆ ವಿಡಿಯೋದಲ್ಲಿ, ರಾತ್ರಿ 9.30ಕ್ಕೆ, ಪಿಜಿಯ ಮೇಜಿನಲ್ಲೇ, ರೂಮ್‌ಮೇಟ್ ಇಲ್ಲದ ಹೊತ್ತು. ಫೋನನ್ನು ನೀರಿನ ಬಾಟಲಿಗೆ ಒರಗಿಸಿ, ಮುಖಕ್ಕಲ್ಲ, ಕೈಗೆ ತಿರುಗಿಸಲು ಹೇಳಿದೆವು. ಕುರ್ಚಿ ತಗ್ಗು, ಎಡ ಮೊಣಕೈ ಮೇಜಿಗೆ ಊರಿದೆ, ಬೆರಳು ತಾನಾಗಿ ನೆತ್ತಿಗೆ ಮುಟ್ಟುತ್ತದೆ. ದಿಂಬು ಹಾಕಿ ಕೂತ ಮೇಲೆ ಆ ಭಂಗಿಯೇ ಹೋಯಿತು. ಕೈ ಭುಜ ದಾಟಿದ ಕೂಡಲೇ ಮುಷ್ಟಿ ಬಿಗಿದು ತೊಡೆಗೆ ಒತ್ತಿ ಒಂದು ನಿಮಿಷ ಎಣಿಸುವುದನ್ನು ಅಲ್ಲೇ ಹತ್ತು ಸಲ ಮಾಡಿಸಿದೆವು. ಓದುವಾಗ ಹೆಬ್ಬೆರಳು, ತೋರುಬೆರಳಿಗೆ ಬ್ಯಾಂಡೇಜ್ ಪಟ್ಟಿ: ಕೂದಲೆಳೆ ಬೆರಳಿಗೆ ಸಿಗದಿದ್ದರೆ ಕೀಳುವ ಹುರುಪೂ ಇಳಿಯುತ್ತದೆ.

ಪ್ರತಿ ಕರೆಯ ಶುರುವಿಗೆ ಕೇಳಬೇಕಾದ್ದು: ಎಲ್ಲಿದ್ದೀ, ಹತ್ತಿರ ಯಾರಿದ್ದಾರೆ, ಕರೆ ಕಡಿದುಹೋದರೆ ಯಾರು ಯಾವ ನಂಬರಿಗೆ ಮಾಡಬೇಕು. ಅವಳು "ನೋಟ್ಸ್ ಕಳಿಸ್ತೀನಿ" ಅಂದರೆ ಯಾರೋ ಒಳಗೆ ಬಂದರು ಎಂದು ಮೊದಲೇ ಮಾತಾಗಿತ್ತು. ವಾಟ್ಸಾಪಿನಲ್ಲಿ ಸಮಯ ಗೊತ್ತುಮಾಡುವುದು ಬಿಟ್ಟರೆ ಬೇರೇನೂ ಬರೆಯಬಾರದು. ಅಪ್ಪನ ಫೋನನ್ನು ಅಪ್ಪನೂ ನೋಡಬಹುದು.

ಸಾಯುವ ಮಾತು ಬಂದರೆ, ಮನೆಯಲ್ಲೇ ಹೊಡೆತವಿದ್ದರೆ, ಬರೀ ಫೋನಿನಲ್ಲಿ ನಿಭಾಯಿಸಲು ಹೋಗಬೇಡಿ. ಎದುರು ಕೂರಿಸಿಕೊಳ್ಳಿ, ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ಅಪರಾತ್ರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಆರನೇ ವಾರಕ್ಕೆ ರಾತ್ರಿಯ 30 ಗೀಟು 5ಕ್ಕೆ ಇಳಿದವು. ಟೆಸ್ಟಿನ ವಾರ ಮತ್ತೆ 15. ಹೀಗಾಗುತ್ತದೆಂದು ಮೊದಲೇ ಹೇಳಿದ್ದರಿಂದ ಅವಳು ಪುಸ್ತಕ ಮುಚ್ಚಿಡದೆ ಫೋನ್ ಮಾಡಿದಳು. ಮಾರ್ಚ್ ಪರೀಕ್ಷೆವರೆಗೆ 15 ದಿನಕ್ಕೊಂದು ಕರೆ. ನಡುವೆ ಜನವರಿಯಲ್ಲಿ ಒಮ್ಮೆ ಬಂದು ಎದುರು ಕೂರುತ್ತಾಳೆ, ಜಡೆ ಬಿಚ್ಚಿ.