ಎತ್ತರ ಬಿಡಿ, ಚಳಿ ಬರೆಯಿರಿ

ನಮಸ್ಕಾರ,

ನಿಮ್ಮ ‘ಎತ್ತರದ ಕಾಫಿ, ಎತ್ತರದ ಘಮ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಬಿಟ್ಟುಬಿಡಲೂ ಮನಸ್ಸಿಲ್ಲ.

ಮೊದಲ ಪ್ಯಾರಾದಲ್ಲೇ ಎಡವಿದ್ದೀರಿ. ‘ಬೆಟ್ಟದ ಹಸಿ ಬೀಜದ ಮೂಟೆ ಬಿಚ್ಚಿದರೆ ಕಾಫಿ ಘಮ ಹೊಮ್ಮುತ್ತದೆ’ ಅಂತ ಬರೆದಿದ್ದೀರಿ. ಎಲ್ಲಿಂದ ಹೊಮ್ಮಬೇಕು? ಹುರಿಯದ ಬೀಜಕ್ಕೆ ಒಣಹುಲ್ಲಿನ, ಹಸಿ ಬಟಾಣಿಯ ವಾಸನೆ. ಆ ಬಟಾಣಿ ವಾಸನೆಗೆ ಕಾರಣ ಮೆಥಾಕ್ಸಿಪೈರಜೀನ್ ಅನ್ನುವ ಗುಂಪಿನ ವಸ್ತುಗಳು. ನಮಗೆ ಗೊತ್ತಿರುವ ಘಮ ಹುಟ್ಟುವುದು ಹುರಿಯುವಾಗ. ಹಸಿ ಬೀಜದಲ್ಲಿ ಇರುವುದು ಅದಕ್ಕೆ ಬೇಕಾದ ಸಾಮಾನು: ಸಕ್ಕರೆ, ಅಮೈನೋ ಆಮ್ಲ, ಕ್ಲೋರೋಜೆನಿಕ್ ಆಮ್ಲ, ಟ್ರೈಗೊನೆಲಿನ್. ಅರೇಬಿಕಾ ಜಾತಿಯ ಕಾಫಿಯಲ್ಲಿ ಸಕ್ಕರೆಯೇ ಒಣ ತೂಕದ ಶೇ. 6ರಿಂದ 9ರಷ್ಟಿರುತ್ತದೆ.

ಇನ್ನು ‘ಎತ್ತರಕ್ಕೆ ಹೋದಷ್ಟೂ ಘಮ ಜಾಸ್ತಿ’ ಅನ್ನುವ ಮಾತು. ತಾನು ಎಷ್ಟು ಎತ್ತರದಲ್ಲಿದ್ದೇನೆ ಅಂತ ಗಿಡಕ್ಕೇನು ಗೊತ್ತು? ಅದಕ್ಕೆ ಗೊತ್ತಾಗುವುದು ಚಳಿ. 100 ಮೀಟರ್ ಏರಿದರೆ ಸುಮಾರು 0.6 ಡಿಗ್ರಿ ತಂಪು. ತಂಪಿನಲ್ಲಿ ಹಣ್ಣಾಗುವುದು ನಿಧಾನ, ಬೀಜ ತುಂಬಿಕೊಳ್ಳಲು ಪುರಸೊತ್ತು ಸಿಗುತ್ತದೆ. ಸಾಮಾನಿನ ಹದ ಬದಲಾಗುತ್ತದೆ. ಹಾಗಂತ ಎಲ್ಲವೂ ಹೆಚ್ಚೇ ಆಗಬೇಕೆಂದಿಲ್ಲ. ಹವಾಯಿಯ ಕೋನಾ ಕಾಫಿಯನ್ನೇ ನೋಡಿ, 1000 ಮೀಟರಿನ ಒಳಗೇ ಬೆಳೆದು ಹೆಸರು ಮಾಡಿದೆ. ಅದು ಭೂಮಧ್ಯರೇಖೆಯಿಂದ ದೂರ, ಹಾಗಾಗಿ ಕಡಿಮೆ ಎತ್ತರದಲ್ಲೇ ತಂಪು. ಮಧ್ಯಾಹ್ನವಾದರೆ ಮೋಡ ಬಂದು ನೆರಳು ಹಿಡಿಯುತ್ತದೆ. ನಮ್ಮಲ್ಲಿ ಆ ನೆರಳು ಮರಗಳದ್ದು. ಚಿಕ್ಕಮಗಳೂರಿನ ತೋಟದವರಾಗಿ ನೀವು ನೆರಳಿನ ಬಗ್ಗೆ ಒಂದು ಸಾಲೂ ಬರೆದಿಲ್ಲವಲ್ಲ!

ಬಾಬಾಬುಡನ್‌ಗಿರಿಯ ಅರೇಬಿಕಾವನ್ನು ತಪ್ಪಲಿನ ರೋಬಸ್ಟಾ ಜೊತೆ ಹೋಲಿಸಿದ್ದು ಸರಿಯಲ್ಲ. ಅಲ್ಲಿ ಗಿಡದ ಜಾತಿಯೇ ಬೇರೆ, ಎತ್ತರದ ಲೆಕ್ಕ ಹೇಗೆ ಸಿಗುತ್ತದೆ? ಮೇಲಿನ ಅರೇಬಿಕಾ, ಕೆಳಗಿನ ಅರೇಬಿಕಾ, ಒಂದೇ ತಳಿ. ಹಾಗೆ ಹೋಲಿಸಿ. ಬಾಬಾ ಬುಡನ್ ಏಳು ಕಾಫಿ ಬೀಜ ತಂದ ಕತೆಯನ್ನು ದಯವಿಟ್ಟು ತೆಗೆಯಿರಿ, ಅದನ್ನು ಕೇಳದ ಓದುಗರು ನಮಗಿಲ್ಲ. ‘ಸ್ವರ್ಗ’ ಅನ್ನುವ ಪದ ಸುಮ್ನೆ ಆರು ಕಡೆ ಕೂತಿದೆ. ಒಂದೂ ಬೇಡ.

ನನಗೆ ಇಷ್ಟವಾದದ್ದು ನಾಲ್ಕನೇ ಪ್ಯಾರಾ. ನಿಮ್ಮ ಅತ್ತೆ ಕಣದಲ್ಲಿ ಕೂತು ಪಾರ್ಚ್‌ಮೆಂಟಿನ, ಅಂದರೆ ಹೊರಪೊರೆ ಸಮೇತ ಒಣಹಾಕಿದ ಬೀಜದ, ಸಿಪ್ಪೆ ಉಗುರಲ್ಲಿ ಬಿಡಿಸಿ, ಬೀಜ ಕಚ್ಚಿ, ‘ಇನ್ನೊಂದು ಬಿಸಿಲು ಬೇಕು’ ಅನ್ನುತ್ತಾರಲ್ಲ, ಲೇಖನ ಅಲ್ಲಿಂದಲೇ ಶುರುವಾಗಲಿ. ಮೇಲಿನ ಬ್ಲಾಕಿನ ಹಣ್ಣು ಕೆಳಗಿನದಕ್ಕಿಂತ ಎಷ್ಟು ದಿನ ತಡವಾಗಿ ಕುಯ್ಲಿಗೆ ಬರುತ್ತದೆ ಅಂತ ಅವರನ್ನೇ ಕೇಳಿ ಬರೆದು ಕಳಿಸಿ.