ಹುಡುಕುವ ಹೆಸರು ಬೇರೆ, ಕ್ಯಾಟಲಾಗಿನ ಹೆಸರು ಬೇರೆ

ಪ್ರಶ್ನೆ: ಪದವಿ ಎರಡನೇ ವರ್ಷದಲ್ಲಿದ್ದೇನೆ. ‘ಮೂಲನಿವಾಸಿಗಳು ಮತ್ತು ಭೂಮಿಯ ಹಕ್ಕು’ ಎಂಬ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಕನಿಷ್ಠ ಹತ್ತು ಆಕರ ಬೇಕು, ಅದರಲ್ಲಿ ಮೂರಾದರೂ ಮೂಲ ಆಕರವಾಗಿರಬೇಕು. ಕೈಯಲ್ಲಿರುವುದು ಆರು ವಾರ. ಕ್ಯಾಟಲಾಗಿನಲ್ಲಿ ‘ಇಂಡಿಜಿನಸ್ ಪೀಪಲ್ಸ್’ ಎಂದು ಹಾಕಿದರೆ ಸಾವಿರಾರು ಶೀರ್ಷಿಕೆ ಬರುತ್ತವೆ. ಒಂದು ಜನಾಂಗದ ಹೆಸರು ಹಾಕಿದರೆ ನಾಲ್ಕೈದು ಪುಸ್ತಕ, ಅದರಲ್ಲೂ ಮಕ್ಕಳ ಕಥೆಗಳೇ ಹೆಚ್ಚು. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಎರಡು ಕಡೆ. ಮೊದಲನೆಯದು ಸುಲಭದ್ದು: ವಿಷಯ ತೀರಾ ಅಗಲವಾಗಿದೆ. ಒಂದು ಜನ, ಒಂದು ಪ್ರದೇಶ, ಒಂದು ಕಾಲ ಎಂದು ಕಟ್ಟಿಕೊಳ್ಳಿ. ‘1975ರ ನಂತರ ನ್ಯೂಜಿಲೆಂಡಿನ ಮಾವೊರಿಗಳ ಭೂಹಕ್ಕು’ ಎಂದರೆ ಆರು ವಾರಕ್ಕೆ ಸರಿಹೋಗುವ ಅಳತೆ. ಮಾವೊರಿಗಳ ದೂರು ವಿಚಾರಿಸುವ ವೈತಾಂಗಿ ನ್ಯಾಯಮಂಡಳಿ ಸ್ಥಾಪನೆಯಾದದ್ದು ಆ ವರ್ಷ. ಬ್ರಿಟಿಷರೊಂದಿಗೆ ವೈತಾಂಗಿ ಒಪ್ಪಂದವಾದ 1840ರಿಂದ ಈಚಿನ ಅನ್ಯಾಯಗಳನ್ನೂ ವಿಚಾರಿಸುವ ಅಧಿಕಾರ ಅದಕ್ಕೆ ಬಂದದ್ದು 1985ರಲ್ಲಿ. ಅದರ ವರದಿಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ, ಹಾಗಾಗಿ ನಿಮ್ಮ ಮೂಲ ಆಕರದ ಚಿಂತೆ ಅಲ್ಲೇ ಅರ್ಧ ಕಳೆಯಿತು.

ಎರಡನೆಯದು ನಿಜವಾದ ತೊಡಕು. ಜನ ತಮ್ಮನ್ನು ಕರೆದುಕೊಳ್ಳುವ ಹೆಸರಿಗೂ ಗ್ರಂಥಾಲಯ ಅವರಿಗಿಟ್ಟ ಹೆಸರಿಗೂ ಎಷ್ಟೋ ಸಲ ತಾಳೆಯಾಗುವುದಿಲ್ಲ. ಪುಸ್ತಕ ಕಪಾಟಿನಲ್ಲೇ ಇರುತ್ತದೆ, ನೀವು ಕೂಗುವ ಹೆಸರಿಗೆ ಓಗೊಡುವುದಿಲ್ಲ, ಅಷ್ಟೆ. ಅರಿಜೋನಾದ ತೊಹೊನೊ ಓದಮ್ ಜನರ ಬಗೆಗಿನ ಹಳೆಯ ಬರಹಗಳೆಲ್ಲ ‘ಪಪಾಗೊ’ ಹೆಸರಿನಲ್ಲಿವೆ; ಅವರು ಆ ಹೆಸರನ್ನು ಅಧಿಕೃತವಾಗಿ ಕೈಬಿಟ್ಟದ್ದು 1986ರಲ್ಲಿ. ಉತ್ತರ ಯುರೋಪಿನ ಸಾಮಿಗಳು ‘ಲ್ಯಾಪ್’ ಆಗಿದ್ದಾರೆ, ಅಮೆರಿಕದ ಹೊ-ಚಂಕ್ ಜನ ‘ವಿನ್ನೆಬಾಗೊ’, ಕೆನಡಾದ ನೂಚಾನುಲ್ತರು ‘ನೂಟ್ಕಾ’, ಇನ್ಯುಯಿಟರು ‘ಎಸ್ಕಿಮೊ’. ಇವುಗಳಲ್ಲಿ ಕೆಲವು ಆ ಜನರಿಗೆ ಅವಮಾನ ಎನಿಸುವ ಪದಗಳು. ಹುಡುಕು ಪೆಟ್ಟಿಗೆಯಲ್ಲಿ ಹಾಕದೆ ವಿಧಿಯಿಲ್ಲ, ನಿಮ್ಮ ಬರಹದಲ್ಲಿ ಮಾತ್ರ ಉದ್ಧರಣೆ ಮತ್ತು ಪುಸ್ತಕದ ಶೀರ್ಷಿಕೆ ಬಿಟ್ಟು ಬೇರೆಲ್ಲೂ ಬರಬಾರದು.

ಆದ್ದರಿಂದ ಮೊದಲ ಎರಡು ದಿನ ಪುಸ್ತಕ ಹುಡುಕಬೇಡಿ, ಹೆಸರು ಹುಡುಕಿ. ಉತ್ತರ ಅಮೆರಿಕದ ಜನರಾದರೆ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆ 1978ರಿಂದ ಹೊರತಂದ ‘ಹ್ಯಾಂಡ್‌ಬುಕ್ ಆಫ್ ನಾರ್ತ್ ಅಮೆರಿಕನ್ ಇಂಡಿಯನ್ಸ್’ ತೆಗೆಯಿರಿ. ಅದರ ಅಧ್ಯಾಯಗಳಲ್ಲಿ ಆಯಾ ಜನರ ಹೆಸರು, ಅದರ ಪರ್ಯಾಯಗಳು, ಹಳೆಯ ಕಾಗುಣಿತಗಳನ್ನು ಕೂಡಿಸಿ ಕೊಟ್ಟಿರುತ್ತಾರೆ. ಒಂದು ಹಾಳೆಯಲ್ಲಿ ಅವರದೇ ಹೆಸರು, ಹೊರಗಿನವರು ಇಟ್ಟ ಹೆಸರು, ಕಾಗುಣಿತ ಭೇದಗಳು, ಭಾಷೆಯ ಹೆಸರು, ಪ್ರದೇಶದ ಹೆಸರು ಬರೆದುಕೊಳ್ಳಿ. ರೋಮನ್ ಲಿಪಿಯಲ್ಲಿ ಸಾಮಿ ಪದವನ್ನೇ ಮೂರು ಬಗೆಯಾಗಿ ಬರೆಯುತ್ತಾರೆ: ಒಂದು ‘ಎ’, ಎರಡು ‘ಎ’, ಮೇಲೆ ಗೆರೆಯಿರುವ ‘ಎ’. ಕೆಲವು ಕ್ಯಾಟಲಾಗುಗಳು ಮೂರನ್ನೂ ಒಂದೇ ಎಂದು ಎಣಿಸುತ್ತವೆ, ಕೆಲವು ಎಣಿಸುವುದಿಲ್ಲ. ಮೂರನ್ನೂ ‘ಅಥವಾ’ ಎಂಬರ್ಥದ ಇಂಗ್ಲಿಷಿನ ‘ಆರ್’ ಪದದಿಂದ ಜೋಡಿಸಿ ಆವರಣದೊಳಗಿಟ್ಟು, ಆಮೇಲೆ ‘ಆಂಡ್’ ಹಾಕಿ ‘ಲ್ಯಾಂಡ್’ ಸೇರಿಸಿ. ಆವರಣ ಮರೆತರೆ ಯಂತ್ರ ‘ಲ್ಯಾಂಡ್’ ಪದವನ್ನು ಒಂದೇ ಹೆಸರಿಗೆ ಕಟ್ಟಿ ಉಳಿದವನ್ನು ಸಡಿಲ ಬಿಡುತ್ತದೆ. ಫಲಿತಾಂಶ ಸಾವಿರ ದಾಟುವುದು ಬಹಳ ಸಲ ಈ ಕಾರಣಕ್ಕೇ. ‘ಇಂಡಿಯನ್’ ಎಂದಷ್ಟೇ ಹಾಕಿದರೆ ಭಾರತದ ಪುಸ್ತಕಗಳೆಲ್ಲ ಬಂದು ಕೂರುತ್ತವೆ. ಆಫ್ರಿಕದ ‘ಸಾನ್’ ಜನರನ್ನು ಹುಡುಕಿದವರಿಗೆ ಸಾನ್ ಫ್ರಾನ್ಸಿಸ್ಕೊ ಸಿಗುತ್ತದೆ.

ಇದಕ್ಕೆ ಪರಿಹಾರ, ಕೀವರ್ಡ್ ಬಿಟ್ಟು, ಗ್ರಂಥಾಲಯದವರು ಪುಸ್ತಕಕ್ಕೆ ಹಚ್ಚುವ ನಿಗದಿತ ವಿಷಯ ಶೀರ್ಷಿಕೆಯಿಂದ ಹುಡುಕುವುದು. ಆ ಶೀರ್ಷಿಕೆಗಳ ಪಟ್ಟಿಯನ್ನು ಬಾಯಿಪಾಠ ಮಾಡಬೇಕಿಲ್ಲ. ನಿಮ್ಮ ವಿಷಯಕ್ಕೆ ಸರಿಯಾಗಿ ಹೊಂದುವ ಒಂದೇ ಒಂದು ಪುಸ್ತಕ ಹಿಡಿದು, ಅದರ ಪೂರ್ಣ ದಾಖಲೆ ತೆರೆದು, ಕೆಳಗಿರುವ ‘ಸಬ್ಜೆಕ್ಟ್’ ಸಾಲುಗಳನ್ನು ಒತ್ತಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಪದ್ಧತಿ ಅನುಸರಿಸುವ ಕಡೆ ‘ಇಂಡಿಯನ್ಸ್ ಆಫ್ ನಾರ್ತ್ ಅಮೆರಿಕ’, ‘ಅಬೊರಿಜಿನಲ್ ಆಸ್ಟ್ರೇಲಿಯನ್ಸ್’ ಇಂಥ ಶೀರ್ಷಿಕೆಗಳು ಕಾಣುತ್ತವೆ. ಅವುಗಳ ಮುಂದಿನ ಉಪಶೀರ್ಷಿಕೆಯೇ ಬಂಗಾರ. ಭೂಮಿಗೆ ‘ಲ್ಯಾಂಡ್ ಟೆನ್ಯೂರ್’, ಸರ್ಕಾರದೊಂದಿಗಿನ ವ್ಯವಹಾರಕ್ಕೆ ‘ಗವರ್ನ್‌ಮೆಂಟ್ ರಿಲೇಶನ್ಸ್’. ಕೊನೆಯಲ್ಲಿ ‘ಸೋರ್ಸಸ್’ ಎಂದಿದ್ದರೆ ಅದು ಪತ್ರ, ಒಪ್ಪಂದ, ಹೇಳಿಕೆಗಳ ಸಂಕಲನ, ಅಂದರೆ ನಿಮ್ಮ ಮೇಷ್ಟ್ರು ಕೇಳಿದ ಮೂಲ ಆಕರ.

ಕಪಾಟಿನ ಮುಂದೆ ನಿಂತಾಗಲೂ ಒಂದೇ ಕಡೆ ನೋಡಿ ಬರಬೇಡಿ. ಡ್ಯೂಯಿ ವರ್ಗೀಕರಣದಲ್ಲಿ ಉತ್ತರ ಅಮೆರಿಕದ ಒಂದೇ ಜನರ ಸಮಾಜ 305.8ರಲ್ಲಿ, ಕಥೆಗಳು 398.2ರಲ್ಲಿ, ಭಾಷೆ 497ರಲ್ಲಿ, ಚರಿತ್ರೆ 970.004ರಲ್ಲಿ. ಈಗಲೂ ಬದುಕಿ ಮೊಕದ್ದಮೆ ನಡೆಸುತ್ತಿರುವ ಜನರನ್ನು ಚರಿತ್ರೆಯ ಕಪಾಟಿಗೆ ತಳ್ಳಿರುವುದು ವಿಚಿತ್ರವೇ. ಇದಕ್ಕೆ ಪ್ರತಿಯಾಗಿ ಕೆನಡಾದ ಮೊಹಾಕ್ ಗ್ರಂಥಪಾಲಕ ಬ್ರಯಾನ್ ಡೀರ್ 1970ರ ದಶಕದಲ್ಲಿ ಬೇರೆಯೇ ವರ್ಗೀಕರಣ ರೂಪಿಸಿದರು. ನೆರೆಹೊರೆಯ ಜನರ ಪುಸ್ತಕಗಳು ಅದರಲ್ಲಿ ಅಕ್ಕಪಕ್ಕ ಕೂರುತ್ತವೆ. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಮೂಲನಿವಾಸಿ ಗ್ರಂಥಾಲಯದಲ್ಲಿ ಅದರದೊಂದು ರೂಪ ಬಳಕೆಯಲ್ಲಿದೆ. ಅದರ ಕ್ಯಾಟಲಾಗನ್ನು ಮನೆಯಿಂದಲೇ ನೋಡಿ ಹೆಸರುಗಳನ್ನು ಎತ್ತಿಕೊಳ್ಳಬಹುದು.

ನಿಮ್ಮ ಸಂಸ್ಥೆಗೆ ‘ಇಎಚ್‌ಆರ್‌ಎಎಫ್’ ಚಂದಾ ಇದೆಯೇ ಎಂದು ಗ್ರಂಥಪಾಲಕರನ್ನು ಕೇಳಿ. ಜನಾಂಗ ಅಧ್ಯಯನಗಳ ಈ ಭಂಡಾರದಲ್ಲಿ ಪುಸ್ತಕಕ್ಕಲ್ಲ, ಒಂದೊಂದು ಪ್ಯಾರಾಕ್ಕೂ ವಿಷಯ ಸಂಖ್ಯೆ ಹಾಕಿದ್ದಾರೆ. ಸ್ಥಿರಾಸ್ತಿಯ ಸಂಖ್ಯೆ 423. ಜನರ ಹೆಸರಿನ ಜೊತೆ ಅದನ್ನು ಕೊಟ್ಟರೆ ಭೂಮಿಯ ಮಾತಿರುವ ಪುಟವೇ ತೆರೆಯುತ್ತದೆ. ಸಂಖ್ಯೆ ಬಂದಿತೆಂದು ಆ ಪ್ಯಾರಾವನ್ನಷ್ಟೇ ಎತ್ತಿ ಹಾಕಬೇಡಿ. ಹಿಂದುಮುಂದಿನ ನಾಲ್ಕು ಪುಟ ಓದದಿದ್ದರೆ ಯಾವ ಕಾಲದ ಮಾತು ಎಂಬುದೇ ತಪ್ಪುತ್ತದೆ.

ಬೇರೆ ಗ್ರಂಥಾಲಯದಿಂದ ಎರವಲು ತರಿಸುವ ಪುಸ್ತಕಗಳ ಅರ್ಜಿಯನ್ನು ಮೊದಲ ವಾರವೇ ಕೊಡಿ. ಬರಲು ಎರಡು ವಾರ ಹಿಡಿದರೂ ಓದಲು ಸಮಯ ಉಳಿಯುತ್ತದೆ.

ಪ್ರಶ್ನೆ: 1890ರ ದಶಕದ ಒಂದು ಸರ್ಕಾರಿ ವರದಿ ಸಿಕ್ಕಿದೆ. ವಿವರ ಚೆನ್ನಾಗಿದೆ, ಆದರೆ ಪುಟಪುಟಕ್ಕೂ ‘ಅನಾಗರಿಕರು’ ಎನ್ನುತ್ತದೆ. ಬಳಸಬಹುದೇ?

ಉತ್ತರ: ಬಳಸಿ, ಆದರೆ ಸಾಕ್ಷಿಯನ್ನು ಪಾಟೀಸವಾಲಿಗೆ ನಿಲ್ಲಿಸಿದ ಹಾಗೆ. ಅಮೆರಿಕದ್ದಾದರೆ ಅದು ಬಹುಶಃ 1879ರಲ್ಲಿ ಶುರುವಾದ ಬ್ಯೂರೊ ಆಫ್ ಅಮೆರಿಕನ್ ಎತ್ನಾಲಜಿಯ ವಾರ್ಷಿಕ ವರದಿ ಇರಬೇಕು. ಸರ್ಕಾರಿ ಪ್ರಕಟಣೆಗಳಾದ್ದರಿಂದ ಇವು ಪೂರ್ತಿಯಾಗಿ ಉಚಿತವಾಗಿ ಸಿಗುತ್ತವೆ, ವಿದ್ಯಾರ್ಥಿಗಳ ಕೈಗೆ ಮೊದಲು ಬೀಳುವುದೂ ಅದಕ್ಕೇ. ಮುನ್ನುಡಿಯಿಂದ ನಾಲ್ಕು ವಿಷಯ ಬರೆದುಕೊಳ್ಳಿ: ಬರೆದವರು ಅಲ್ಲಿ ಎಷ್ಟು ದಿನ ಇದ್ದರು, ಭಾಷೆ ಬರುತ್ತಿತ್ತೇ, ದುಭಾಷಿ ಯಾರು, ಖರ್ಚು ಯಾರದು. ಬೇಸಾಯ, ಮನೆ ಕಟ್ಟುವ ಕ್ರಮದಂಥ ಕಣ್ಣಾರೆ ಕಂಡ ವಿವರಕ್ಕೆ ಒಂದು ತೂಕ, ‘ಇವರು ಬೇಗ ನಶಿಸುತ್ತಾರೆ’ ಎಂಬಂಥ ತೀರ್ಪಿಗೆ ಬೇರೆ ತೂಕ. ಎರಡನೆಯದು ಆ ಜನರ ಬಗ್ಗೆ ಏನನ್ನೂ ಹೇಳುವುದಿಲ್ಲ, ಬರೆದವರ ಕಾಲದ ನೀತಿಯನ್ನು ಹೇಳುತ್ತದೆ. ನಿಮ್ಮ ವಿಷಯ ಭೂಹಕ್ಕಾದ್ದರಿಂದ ಅದೂ ಕೆಲಸಕ್ಕೆ ಬರುವ ಪುರಾವೆಯೇ.

ದುಭಾಷಿಯ ಹೆಸರು ಸಿಕ್ಕರೆ ಕ್ಯಾಟಲಾಗಿನಲ್ಲಿ ಅದನ್ನೂ ಹುಡುಕಿ. ಮಾನವಶಾಸ್ತ್ರಜ್ಞ ಫ್ರಾನ್ಜ್ ಬೋವಾಸ್ ಪ್ರಕಟಿಸಿದ, ಕೆನಡಾದ ಕ್ವಾಕ್ವಾಕವಾಕ್ ಜನರ ಕುರಿತ ಬರಹಗಳ ಹಿಂದೆ, ಆ ಜನರ ನಡುವೆಯೇ ಬೆಳೆದ ಜಾರ್ಜ್ ಹಂಟ್ ಬರೆದು ಕಳಿಸಿದ ಸಾವಿರಾರು ಪುಟಗಳಿವೆ. ಮುಖಪುಟವನ್ನಷ್ಟೇ ನೋಡಿದವರಿಗೆ ಆತ ಕಾಣುವುದಿಲ್ಲ. ಇಂಥ ಒಂದು ಹಳೆಯ ಆಕರಕ್ಕೆ ಆ ಜನರೇ ಬರೆದ ಅಥವಾ ಹೇಳಿದ ಎರಡು ಆಕರ ಜೊತೆಗಿರಲಿ. ಆಯೋಗಗಳ ವರದಿಗಳು ಇದಕ್ಕೆ ಅನುಕೂಲ: ಆಸ್ಟ್ರೇಲಿಯದಲ್ಲಿ ಹೆತ್ತವರಿಂದ ಮಕ್ಕಳನ್ನು ಕಿತ್ತುಕೊಂಡ ಬಗ್ಗೆ 1997ರಲ್ಲಿ ಬಂದದ್ದು, ಕೆನಡಾದ ವಸತಿ ಶಾಲೆಗಳ ಬಗ್ಗೆ 2015ರಲ್ಲಿ ಬಂದದ್ದು. ಎರಡರಲ್ಲೂ ಅನುಭವಿಸಿದವರ ಮಾತುಗಳಿವೆ.

ಪ್ರಶ್ನೆ: ಹಿರಿಯರೊಬ್ಬರು ಹೇಳಿದ ಕಥನದ ಧ್ವನಿಮುದ್ರಣ ಪತ್ರಾಗಾರದ ಪಟ್ಟಿಯಲ್ಲಿದೆ. ಆಕರವಾಗಿ ಕೊಡಬಹುದೇ?

ಉತ್ತರ: ಕೇಳಲು ಸಿಗುವ ಮುದ್ರಣವಾದರೆ ಉಳಿದ ಧ್ವನಿಮುದ್ರಣಗಳಂತೆಯೇ ಉಲ್ಲೇಖಿಸಿ. ಮುದ್ರಣವೇ ಇಲ್ಲದ, ನಿಮಗೆ ನೇರವಾಗಿ ಹೇಳಿದ ಮಾತಾದರೆ ಎಪಿಎ ಉಲ್ಲೇಖ ಪದ್ಧತಿಯ ಏಳನೇ ಆವೃತ್ತಿಯಂತೆ ಹೇಳಿದವರ ಹೆಸರು, ಅವರ ಜನ, ಊರು, ದಿನಾಂಕವನ್ನು ಬರಹದೊಳಗೇ ಕೊಡಬೇಕು; ಕೊನೆಯ ಪಟ್ಟಿಗೆ ಅದು ಹೋಗುವುದಿಲ್ಲ. ಹೆಸರು ಹಾಕುವ ಮುನ್ನ ಅವರನ್ನೇ ಕೇಳಿ.

ದಾಖಲೆಯಲ್ಲಿ ‘ನಿರ್ಬಂಧಿತ’ ಎಂದಿದೆಯೇ ನೋಡಿ. ಕೆಲವು ಹಾಡುಗಳನ್ನು ಗಂಡಸರು ಮಾತ್ರ, ಕೆಲವನ್ನು ಹೆಂಗಸರು ಮಾತ್ರ ಕೇಳಬೇಕೆಂಬ ಕಟ್ಟಳೆ ಇರುತ್ತದೆ. ತೀರಿಕೊಂಡವರ ಚಿತ್ರ, ಧ್ವನಿಯ ಬಗ್ಗೆಯೂ ಆಸ್ಟ್ರೇಲಿಯದ ಹಲವು ಸಮುದಾಯಗಳಲ್ಲಿ ನಿಯಮಗಳಿವೆ. ಮೂಲನಿವಾಸಿಗಳ ಅಧ್ಯಯನಕ್ಕಿರುವ ಕ್ಯಾನ್‌ಬೆರಾದ ‘ಅಯಾಟ್ಸಿಸ್’ ಸಂಸ್ಥೆಯಲ್ಲಿ ಇಂಥ ವಸ್ತುಗಳಿಗೆ ಸಮುದಾಯದ ಒಪ್ಪಿಗೆ ಬೇಕಾಗುತ್ತದೆ, ಆರು ವಾರದ ಪ್ರಾಜೆಕ್ಟಿನೊಳಗೆ ಅದು ಬರುತ್ತದೆಂದು ನಂಬಿ ಕೂರಬೇಡಿ. ಆ ಮುದ್ರಣ ಇದೆ, ತೆರೆದಿಲ್ಲ ಎಂದು ಒಂದು ಸಾಲು ಬರೆದು, ಅದರ ಜಾಗಕ್ಕೆ ನ್ಯಾಯಮಂಡಳಿಯ ಮುಂದೆ ಅದೇ ಜನ ಬಹಿರಂಗವಾಗಿ ಕೊಟ್ಟ ಹೇಳಿಕೆ ಹುಡುಕಿ.