ಮಿಲ್ಟನ್‌ನ ಸೈತಾನ ಹೀರೋನಾ? ನಾಲ್ಕನೇ ಪುಸ್ತಕದ ತನಕ ಓದಿ ನೋಡಿ

ಇಂಗ್ಲಿಷ್ ಕವಿ ಮಿಲ್ಟನ್‌ನ ಮಹಾಕಾವ್ಯ 'ಪ್ಯಾರಡೈಸ್ ಲಾಸ್ಟ್'ನ ಮೊದಲ ಎರಡು ಪುಸ್ತಕ (ಅಂದರೆ ಭಾಗ) ಓದಿದೆ, ದೇವರ ವಿರುದ್ಧ ದಂಗೆ ಎದ್ದು ಸ್ವರ್ಗದಿಂದ ನರಕಕ್ಕೆ ಬಿದ್ದ ಸೈತಾನನೇ ಹೀರೋ ಅನ್ನಿಸಿತು, ನಾನು ತಪ್ಪು ಓದುತ್ತಿದ್ದೇನಾ ಅಂತ ಕೇಳಿದ್ದೀರಿ. ತಪ್ಪೇನಿಲ್ಲ. ಮಿಲ್ಟನ್ ತನಗೇ ಗೊತ್ತಿಲ್ಲದೆ ಸೈತಾನನ ಕಡೆಯವನು ಅಂತ ಕವಿ ಬ್ಲೇಕ್ ಕೂಡ ಬರೆದಿದ್ದಾನೆ. ಇಟಲಿಯ ಹಳೆಯ ಕವಿ ದಾಂತೆಯ ಸೈತಾನ ಎದೆಮಟ್ಟ ಮಂಜುಗಡ್ಡೆಯಲ್ಲಿ ಹೂತುಹೋದ ಮೂರು ಮುಖದ ಪ್ರಾಣಿ, ಒಂದು ಮಾತೂ ಆಡಲ್ಲ. ಮಿಲ್ಟನ್ ತನ್ನ ಸೈತಾನನಿಗೆ ಮಾತಾಡುವ ಶಕ್ತಿ ಕೊಟ್ಟ. ನಾವು ಮರುಳಾಗುವುದು ಆ ಮಾತಿಗೇ.

ಆದರೆ ದಯವಿಟ್ಟು ಅಲ್ಲಿಗೇ ನಿಲ್ಲಿಸಬೇಡಿ. ನಾಲ್ಕನೇ ಪುಸ್ತಕದ ಶುರುವಿನಲ್ಲೇ ಸೈತಾನ, ಒಬ್ಬನೇ ಇದ್ದಾಗ, ನಾನು ಹೋದಲ್ಲೆಲ್ಲ ನರಕ, ನಾನೇ ನರಕ ಅಂತ ಒಪ್ಪಿಕೊಳ್ಳುತ್ತಾನೆ. ಆಮೇಲೆ ನೀರುಕಾಗೆಯ ಹಾಗೆ ಮರದ ಮೇಲೆ ಕೂರುತ್ತಾನೆ. ರಾತ್ರಿ ಮಲಗಿದ ಮೊದಲ ಹೆಣ್ಣು ಹವ್ವಳ ಕಿವಿಯ ಪಕ್ಕ ಕಪ್ಪೆಯಂತೆ ಕುಕ್ಕರಿಸಿ ಏನೋ ಊದುತ್ತಿರುತ್ತಾನೆ. ಕಾವಲಿನ ದೇವದೂತರಲ್ಲಿ ಒಬ್ಬ ಈಟಿಯ ತುದಿ ತಾಗಿಸಿದ್ದೇ ತಡ, ಸಿಡಿಮದ್ದಿಗೆ ಕಿಡಿ ಬಿದ್ದಂತೆ ನಿಜರೂಪಕ್ಕೆ ಬರುತ್ತಾನೆ. ಆ ದೇವದೂತರಿಗೆ ಅವನ ಗುರುತೇ ಸಿಗುವುದಿಲ್ಲ! ನನ್ನನ್ನು ಗೊತ್ತಿಲ್ವಾ ಅಂತ ಕೆರಳುತ್ತಾನೆ. ಹಳೆಯ ಹೊಳಪು ಈಗ ನಿನ್ನಲ್ಲಿಲ್ಲ ಅನ್ನುತ್ತಾರೆ. ನನ್ನ ಪ್ರಕಾರ ಅವನಿಗೆ ಬಿದ್ದ ದೊಡ್ಡ ಪೆಟ್ಟು ಇದೇ, ಸ್ವರ್ಗದಿಂದ ಬಿದ್ದದ್ದಲ್ಲ.

ಹತ್ತನೇ ಪುಸ್ತಕವನ್ನೂ ಬಿಡಬೇಡಿ. ಹವ್ವಳಿಗೆ ನಿಷೇಧದ ಹಣ್ಣು ತಿನ್ನಿಸಿದ ಮೇಲೆ, ಗೆದ್ದು ಬಂದೆ ಅಂತ ನರಕದಲ್ಲಿ ಭಾಷಣ ಮಾಡಿ ಚಪ್ಪಾಳೆಗೆ ಕಾಯುತ್ತಾನೆ. ಕೇಳಿಸುವುದು ಬರೀ ಬುಸ್ ಬುಸ್. ಅವನೂ ಹಾವು, ಜೊತೆಗಿದ್ದವರೂ ಹಾವು. ಹಸಿವಾಗಿ ಹಣ್ಣು ಕಚ್ಚಿದರೆ ಬಾಯಿ ತುಂಬಾ ಬೂದಿ.

ಅಂದ ಹಾಗೆ, ಇದು 1674ರ ಹನ್ನೆರಡು ಪುಸ್ತಕಗಳ ಆವೃತ್ತಿಯ ಲೆಕ್ಕ. 1667ರ ಮೊದಲ ಮುದ್ರಣದಲ್ಲಿ ಹತ್ತೇ ಇದ್ದವು.